ಆಮೆ ಊಟ ಬಿಟ್ಟಿದೆಯಾ? ಮೊದಲು ನೀರಿಗೆ ಥರ್ಮಾಮೀಟರ್ ಹಾಕಿ

ನಮ್ಮ ಮನೆ ಆಮೆಯ ಹೆಸರು ಗುಂಡ. ತಂದು ಆರು ವರ್ಷ ಆದ ಮೇಲೆ ಅದು ಹೆಣ್ಣು ಅಂತ ಗೊತ್ತಾಯಿತು, ಅಷ್ಟರಲ್ಲಿ ಹೆಸರು ಎಲ್ಲರ ನಾಲಿಗೆಗೂ ಅಂಟಿಕೊಂಡಿತ್ತು, ಹಾಗೇ ಉಳಿಯಿತು. ಅದು ಮೊದಲ ಸಲ ಊಟ ಬಿಟ್ಟಿದ್ದು ಬಂದ ವರ್ಷವೇ, ಡಿಸೆಂಬರ್ ಕೊನೆಯಲ್ಲಿ. ಬೆಳಿಗ್ಗೆ ಹಾಕಿದ ಕಾಳು, ಅಂದರೆ ಅಂಗಡಿಯಲ್ಲಿ ಸಿಗುವ ಆಮೆ ಊಟದ ಗುಳಿಗೆ, ಸಂಜೆಯಾದರೂ ಹಾಗೇ ತೇಲುತ್ತಿತ್ತು. ನಾವು ಮಾಡದ ಪ್ರಯತ್ನ ಇಲ್ಲ. ಬೇರೆ ಕಂಪನಿಯ ಕಾಳು ತಂದೆವು. ಒಣ ಸಿಗಡಿ ತಂದೆವು. ನಮ್ಮತ್ತೆ ಎರಡು ಅಗುಳು ಅನ್ನ ಹಾಕಿ ನೋಡಿದರು. ಅಂಗಡಿಯವನು ಸಣ್ಣ ಬಾಟಲಿಯಲ್ಲಿ ಒಂದು ಟಾನಿಕ್ ಕೊಟ್ಟು, ನೀರಿಗೆ ನಾಲ್ಕು ಹನಿ ಬಿಡಿ ಸರಿ ಹೋಗುತ್ತೆ ಅಂದ. ಹೀಗೇ ಹತ್ತು ದಿನ ಕಳೆಯಿತು. ಕೊನೆಗೆ ಪಶುವೈದ್ಯರ ಹತ್ತಿರ ಎತ್ತಿಕೊಂಡು ಹೋದರೆ, ಅವರು ಡಬ್ಬದ ಮುಚ್ಚಳ ತೆಗೆಯುವ ಮೊದಲೇ ಕೇಳಿದರು: "ನೀರು ಎಷ್ಟು ಡಿಗ್ರಿ ಇದೆ?"

ನಮಗೆ ಗೊತ್ತಿರಲಿಲ್ಲ. ಅಳೆಯಬೇಕು ಅಂತಲೇ ಹೊಳೆದಿರಲಿಲ್ಲ. ಮನೆಗೆ ಬಂದು ಥರ್ಮಾಮೀಟರ್ ಇಳಿಸಿದರೆ 18.

ನಾನು ಹೇಳುತ್ತಿರುವುದು ಯಾವ ಆಮೆಯ ವಿಷಯ ಅಂತ ಮೊದಲೇ ಸ್ಪಷ್ಟ ಮಾಡಿಬಿಡುತ್ತೇನೆ. ನಮ್ಮ ಊರುಗಳ ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುವ, ಕಣ್ಣಿನ ಹಿಂದೆ ಕೆಂಪು ಪಟ್ಟೆ ಇರುವ ಹಸಿರು ಆಮೆ ಇದೆಯಲ್ಲ, ಅದು. ಹೆಸರು ರೆಡ್ ಇಯರ್ಡ್ ಸ್ಲೈಡರ್. ಮೂಲ ಊರು ಅಮೆರಿಕದ ಮಿಸಿಸಿಪ್ಪಿ ನದಿಯ ಸುತ್ತಮುತ್ತ. ಕೊಳ್ಳುವಾಗ ಅಂಗೈಯಲ್ಲಿ ಕೂರುವಷ್ಟು ಇರುತ್ತದೆ. ಹೆಣ್ಣಾದರೆ 25 ಸೆಂಟಿಮೀಟರ್ ದಾಟಬಹುದು, ಚೆನ್ನಾಗಿ ನೋಡಿಕೊಂಡರೆ 30 ವರ್ಷ ಬದುಕುತ್ತದೆ. ಅಂಗಡಿಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ, ವಾಸ್ತುಗೆ ಒಳ್ಳೆಯದು ಅಂತ ಮಾತ್ರ ಹೇಳುತ್ತಾರೆ. ಇನ್ನು ನಿಮ್ಮ ಹತ್ತಿರ ಇರುವುದು ಬೆನ್ನ ಮೇಲೆ ಹಳದಿ ನಕ್ಷತ್ರದ ಗೆರೆಗಳಿರುವ ನಕ್ಷತ್ರ ಆಮೆಯೋ, ಊರ ಕೆರೆಯಲ್ಲಿ ಸಿಕ್ಕ ಆಮೆಯೋ ಆಗಿದ್ದರೆ ವಿಷಯವೇ ಬೇರೆ. ನಕ್ಷತ್ರ ಆಮೆಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ, ಕೆರೆ ಆಮೆಯನ್ನೂ ಮನೆಗೆ ತರುವ ಹಾಗಿಲ್ಲ. ಅದಕ್ಕೆ ಮನೆಮದ್ದು ಹುಡುಕುತ್ತಾ ಕೂರಬೇಡಿ, ಅರಣ್ಯ ಇಲಾಖೆಗೆ ಫೋನ್ ಮಾಡಿ.

ಈಗ ಆ 18 ಡಿಗ್ರಿ ವಿಷಯ.

ಚಳಿಗಾಲದಲ್ಲಿ ಇಡ್ಲಿ ಹಿಟ್ಟು ಉಬ್ಬುವುದಿಲ್ಲ, ಅಲ್ವಾ? ಅದೇ ಅಕ್ಕಿ, ಅದೇ ಉದ್ದಿನಬೇಳೆ, ಅದೇ ಗ್ರೈಂಡರ್. ಬೇಸಿಗೆಯಲ್ಲಿ ರಾತ್ರಿ ಇಟ್ಟರೆ ಬೆಳಿಗ್ಗೆ ಪಾತ್ರೆಯಿಂದ ಹೊರಗೆ ಬಂದಿರುತ್ತದೆ, ಜನವರಿಯಲ್ಲಿ ಮಾತ್ರ ಇಟ್ಟ ಹಾಗೇ ಇರುತ್ತದೆ. ಹಿಟ್ಟಿನಲ್ಲಿ ತಪ್ಪಿಲ್ಲ, ಬಿಸಿ ಸಾಲದು. ಆಮೆಯ ಹೊಟ್ಟೆಯ ಕಥೆಯೂ ಇದೇ. ನಮ್ಮ ಮೈ ಚಳಿ ಇರಲಿ, ಸೆಕೆ ಇರಲಿ 37 ಡಿಗ್ರಿಯ ಆಸುಪಾಸಲ್ಲೇ ಇರುತ್ತದೆ, ಯಾಕಂದರೆ ತಿಂದ ಊಟದಲ್ಲಿ ದೊಡ್ಡ ಪಾಲನ್ನು ನಾವು ಮೈ ಬೆಚ್ಚಗಿಡುವುದಕ್ಕೇ ಖರ್ಚು ಮಾಡುತ್ತೇವೆ. ಆಮೆ ಆ ಖರ್ಚು ಮಾಡುವುದಿಲ್ಲ. ಅದಕ್ಕೆ ಬಿಸಿ ಹೊರಗಿನಿಂದ ಬರಬೇಕು, ನೀರಿನಿಂದ ಅಥವಾ ಬಿಸಿಲಿನಿಂದ. ನೀರು 18 ಇದ್ದರೆ ಮೈಯೂ ಹೆಚ್ಚು ಕಡಿಮೆ 18. ಆ ಬಿಸಿಯಲ್ಲಿ ಹೊಟ್ಟೆಯ ಜೀರ್ಣರಸ ಸರಿಯಾಗಿ ಕೆಲಸ ಮಾಡುವುದಿಲ್ಲ, ಕರುಳು ಊಟವನ್ನು ಸರಿಯಾಗಿ ಮುಂದಕ್ಕೆ ತಳ್ಳುವುದಿಲ್ಲ, ಸೊಪ್ಪು ಅರಗಿಸಲು ಬೇಕಾದ ಒಳಗಿನ ಬ್ಯಾಕ್ಟೀರಿಯಾ ಕೂಡ ಮಂಕಾಗುತ್ತವೆ. ಹಾಗಾಗಿ ಆಮೆ ತಿನ್ನುವುದನ್ನು ನಿಲ್ಲಿಸುತ್ತದೆ. ಒಂದು ಲೆಕ್ಕದಲ್ಲಿ ಅದು ಜಾಣತನ. ತಣ್ಣಗಿನ ಹೊಟ್ಟೆಗೆ ಊಟ ಹೋದರೆ ಅರಗುವುದರ ಬದಲು ಕೊಳೆಯಬಹುದು.

ಅದಕ್ಕೇ ಚಳಿ ಹಿಡಿದ ಆಮೆಯ ಬಾಯಿ ತೆರೆದು ತುರುಕುವುದು ಅಪಾಯ. ಇನ್ನೊಂದು ಕಾರಣವೂ ಇದೆ. ಆಮೆಯ ಉಸಿರಿನ ದಾರಿ ನಾಲಿಗೆಯ ಬುಡದಲ್ಲೇ ತೆರೆದುಕೊಳ್ಳುತ್ತದೆ, ಸಿರಿಂಜ್‌ನಲ್ಲಿ ಒತ್ತಿದ ಗಂಜಿ ಅಲ್ಲಿಗೆ ಇಳಿದರೆ ನಮ್ಮ ಹಾಗೆ ಕೆಮ್ಮಿ ಹೊರಹಾಕಲು ಅದಕ್ಕೆ ಬರುವುದಿಲ್ಲ. ಟ್ಯೂಬ್ ಹಾಕಿ ಊಟ ಕೊಡುವುದನ್ನು ಡಾಕ್ಟರು ಮಾಡಲಿ.

ಇಲ್ಲೊಂದು ಮಾತು ಬರುತ್ತದೆ, ಎಲ್ಲರೂ ಹೇಳುತ್ತಾರೆ: "ಚಳಿಗಾಲದಲ್ಲಿ ಆಮೆ ನಿದ್ದೆ ಮಾಡುತ್ತೆ ಬಿಡಿ, ಸುಮ್ನೆ ಯಾಕೆ ತಲೆ ಕೆಡಿಸಿಕೊಳ್ತೀರಿ." ಅದರ ಊರಿನ ಮಟ್ಟಿಗೆ ಈ ಮಾತು ನಿಜ. ಅಲ್ಲಿ ಚಳಿಗಾಲದಲ್ಲಿ ಕೆರೆಯ ನೀರು 10 ಡಿಗ್ರಿಗಿಂತ ಕೆಳಗೆ ಹೋಗುತ್ತದೆ, ಆಮೆ ತಳದ ಕೆಸರಿಗೆ ಇಳಿದು ತಿಂಗಳುಗಟ್ಟಲೆ ಹೆಚ್ಚು ಅಲುಗಾಡದೆ ಇರುತ್ತದೆ. ಎದೆಬಡಿತ, ಉಸಿರು, ಎಲ್ಲವೂ ತೀರಾ ನಿಧಾನ, ಮೈಯಲ್ಲಿ ಕೂಡಿಟ್ಟಿದ್ದು ಖರ್ಚಾಗುವುದೇ ಇಲ್ಲ ಅನ್ನುವಷ್ಟು ಕಡಿಮೆ. ಬೆಂಗಳೂರಿನ ಚಳಿ ಅಂಥದ್ದಲ್ಲ. ಇಲ್ಲಿ ಜನವರಿಯ ಬೆಳಗಿನ ಜಾವ 15-16 ಡಿಗ್ರಿ, ಮಧ್ಯಾಹ್ನ 27. ನೆಲದ ಮೇಲಿಟ್ಟ ತೊಟ್ಟಿಯ ನೀರು 18ರಿಂದ 21ರ ಮಧ್ಯೆ ತೂಗಾಡುತ್ತಾ ಇರುತ್ತದೆ. ಇದು ನಿದ್ದೆ ಮಾಡುವಷ್ಟು ತಂಪಲ್ಲ, ತಿಂದು ಅರಗಿಸಿಕೊಳ್ಳುವಷ್ಟು ಬೆಚ್ಚಗೂ ಇಲ್ಲ. ಆಮೆ ಎದ್ದಿರುತ್ತದೆ, ಅಲ್ಲಿ ಇಲ್ಲಿ ಓಡಾಡುತ್ತದೆ, ಕೂಡಿಟ್ಟ ಕೊಬ್ಬು ಕರಗುತ್ತಾ ಹೋಗುತ್ತದೆ, ಹೊಸದಾಗಿ ಒಳಗೆ ಏನೂ ಹೋಗುವುದಿಲ್ಲ. ಇದೇ ಬಿಸಿಯಲ್ಲಿ ರೋಗ ತಡೆಯುವ ಶಕ್ತಿಯೂ ಕುಗ್ಗಿರುತ್ತದೆ. ಹೀಗೆ ಎರಡು ತಿಂಗಳು ಕಳೆದ ಮೇಲೆ, ಫೆಬ್ರವರಿಯಲ್ಲಿ ಬಿಸಿಲು ಏರುವ ಹೊತ್ತಿಗೆ ಕೆಲವು ಆಮೆಗಳು ನ್ಯುಮೋನಿಯಾ ಹಿಡಿದು ಕೂತಿರುತ್ತವೆ. ಮಂಗಳೂರಿನ ಕಡೆ ಈ ತೊಂದರೆ ಕಡಿಮೆ. ಮಡಿಕೇರಿ, ಚಿಕ್ಕಮಗಳೂರಿನಲ್ಲಿ ಜೂನ್‌ನಿಂದ ಆಗಸ್ಟ್‌ವರೆಗಿನ ಮಳೆಗಾಲದಲ್ಲೂ ಇದೇ ಪಾಡು.

ಹಾಗಾದರೆ ಎಷ್ಟಿರಬೇಕು? ದೊಡ್ಡ ಸ್ಲೈಡರ್‌ಗೆ ನೀರು 24ರಿಂದ 26 ಡಿಗ್ರಿ, ಮರಿಗೆ ಒಂದೆರಡು ಡಿಗ್ರಿ ಜಾಸ್ತಿ. ನೀರಿನಿಂದ ಮೇಲೆ ಹತ್ತಿ ಮೈ ಪೂರ್ತಿ ಒಣಗಿಸಿಕೊಳ್ಳಲು ಒಂದು ಕಲ್ಲೋ ಹಲಗೆಯೋ ಬೇಕು, ಆ ಜಾಗದಲ್ಲಿ 32 ಡಿಗ್ರಿ ಆಸುಪಾಸು. ಎರಡೂ ಬೇಕು. ಬರೀ ನೀರು ಬೆಚ್ಚಗಿದ್ದರೆ ಸಾಲದು, ಆಮೆ ಬಿಸಿಲು ಕಾಯಿಸಿಕೊಂಡು ಮೈ ಬಿಸಿ ಮಾಡಿಕೊಂಡ ಮೇಲೇ ಅದರ ಹೊಟ್ಟೆ ಸರಿಯಾಗಿ ಓಡುವುದು.

ನೀರಿಗೆ ಥರ್ಮೋಸ್ಟಾಟ್ ಇರುವ, ಅಂದರೆ ಬಿಸಿ ಸಾಕಾದಾಗ ತಾನೇ ಆರುವ, ಅಕ್ವೇರಿಯಂ ಹೀಟರ್ ಸಾಕು, ಲೀಟರ್‌ಗೆ ಒಂದು ವ್ಯಾಟ್ ಅಂತ ಲೆಕ್ಕ ಹಾಕಿ, 100 ಲೀಟರ್ ತೊಟ್ಟಿಗೆ 100 ವ್ಯಾಟ್. ಗಾಜಿನ ಹೀಟರ್ ಆದರೆ ಸುತ್ತ ಪ್ಲಾಸ್ಟಿಕ್ ಜಾಲರಿ ಇರಲಿ, ದೊಡ್ಡ ಆಮೆ ಗುದ್ದಿ ಒಡೆಯುತ್ತದೆ. ನೀರಿಗೆ ಕೈ ಹಾಕುವ ಮೊದಲು ಪ್ಲಗ್ ತೆಗೆಯಿರಿ, ಪ್ರತಿ ಸಲ. ಬಿಸಿ ನೀರು ಸುರಿದು ಒಂದೇ ಸಲ ಏರಿಸಬೇಡಿ, ಎರಡು ದಿನದಲ್ಲಿ ನಿಧಾನಕ್ಕೆ ಏರಲಿ. ಒಣ ಜಾಗದ ಮೇಲೆ ಹಳೇ ಕಾಲದ ತಂತಿ ಬಲ್ಬ್ 40 ಅಥವಾ 60 ವ್ಯಾಟಿನದು ಒಂದು ಅಡಿ ಎತ್ತರದಲ್ಲಿ ಇಟ್ಟರೆ ಆಯಿತು, ಆಮೇಲೆ ಥರ್ಮಾಮೀಟರ್ ನೋಡಿ ಎತ್ತರ ಹೆಚ್ಚು ಕಡಿಮೆ ಮಾಡಿ. ನಾನು ಮೊದಲು ಎಲ್ಇಡಿ ಬಲ್ಬ್ ಹಾಕಿ ಮೂರು ದಿನ ಕಾದಿದ್ದೆ. ಅದರಲ್ಲಿ ಬೆಳಕು ಬರುತ್ತದೆ, ಬಿಸಿ ಬರುವುದಿಲ್ಲ. ದಡ್ಡತನ.

ಬಿಸಿಲಿನಲ್ಲಿ ಬಿಸಿಯ ಜೊತೆ ಇನ್ನೊಂದು ವಸ್ತು ಇದೆ, ಯುವಿಬಿ ಕಿರಣ. ಅದು ಚರ್ಮಕ್ಕೆ ಬಿದ್ದರೆ ಆಮೆಯ ಮೈಯಲ್ಲಿ ವಿಟಮಿನ್ ಡಿ3 ತಯಾರಾಗುತ್ತದೆ, ಡಿ3 ಇದ್ದರೆ ಮಾತ್ರ ತಿಂದ ಕ್ಯಾಲ್ಸಿಯಂ ಮೈಗೆ ಹತ್ತುತ್ತದೆ. ಕ್ಯಾಲ್ಸಿಯಂ ಇಲ್ಲದಿದ್ದರೆ ಚಿಪ್ಪು ಮೆತ್ತಗಾಗುತ್ತದೆ, ಸ್ನಾಯು ಸೋಲುತ್ತದೆ, ಕರುಳೂ ಸೋಲುತ್ತದೆ, ಕೊನೆಗೆ ಹಸಿವು ಹೋಗುತ್ತದೆ. ಕಿಟಕಿ ಗಾಜಿನ ಮೂಲಕ ಬರುವ ಬಿಸಿಲಲ್ಲಿ ಯುವಿಬಿ ಇರುವುದಿಲ್ಲ, ಗಾಜು ತಡೆದುಬಿಡುತ್ತದೆ. ಯುವಿಬಿ ಬಲ್ಬ್ ಸಿಗುತ್ತದೆ, ಆದರೆ ಆರು ತಿಂಗಳಿಂದ ಒಂದು ವರ್ಷದೊಳಗೆ ಅದರ ಕಿರಣ ಕ್ಷೀಣಿಸುತ್ತದೆ, ಉರಿಯುವುದು ಮಾತ್ರ ಉರಿಯುತ್ತಲೇ ಇರುತ್ತದೆ. ನಮ್ಮ ದೇಶದಲ್ಲಿ ಇದಕ್ಕಿಂತ ಸುಲಭದ ದಾರಿ ಇದೆ: ಬೆಳಿಗ್ಗೆ ಎಂಟರಿಂದ ಹತ್ತರೊಳಗೆ ಟೆರೇಸಿನಲ್ಲಿ ಪ್ಲಾಸ್ಟಿಕ್ ಟಬ್ ಇಟ್ಟು ಅರ್ಧ ಗಂಟೆ ಬಿಡಿ, ಟಬ್ಬಿನ ಅರ್ಧ ಭಾಗಕ್ಕೆ ನೆರಳಿರಲಿ, ನೀವೂ ಅಲ್ಲೇ ಇರಿ, ಯಾಕಂದರೆ ಕಾಗೆ ಮತ್ತು ಹದ್ದುಗಳಿಗೆ ಈ ಕಾರ್ಯಕ್ರಮ ತುಂಬಾ ಇಷ್ಟ. ಗಾಜಿನ ತೊಟ್ಟಿಯನ್ನೇ ಎತ್ತಿ ಬಿಸಿಲಿಗೆ ಇಡಬೇಡಿ. ಅರ್ಧ ಗಂಟೆಯಲ್ಲಿ ಒಳಗಿರುವುದು ಬೇಯುತ್ತದೆ.

ಗುಂಡನ ವಿಷಯದಲ್ಲಿ ಇಷ್ಟೇ ಸಾಕಾಯಿತು. ನೀರು 25ಕ್ಕೆ ಏರಿದ ನಾಲ್ಕನೇ ದಿನ ಹೂಕುಂಡದಿಂದ ತೆಗೆದ ಎರೆಹುಳು ಹಾಕಿದೆವು. ಹುಳು ನೀರಿಗೆ ತಾಗಿತೋ ಇಲ್ಲವೋ, ಮಾಯ. ಗೊಬ್ಬರ, ಔಷಧಿ ಹಾಕದ ಕುಂಡದ ಹುಳು ಆಗಿರಬೇಕು ಅನ್ನುವುದು ನೆನಪಿರಲಿ.

ಬಿಸಿ ಸರಿ ಇದ್ದೂ ವಾರದ ಮೇಲೆ ತಿನ್ನಲಿಲ್ಲ ಅಂದರೆ ಈಗ ಆಮೆಯನ್ನೇ ನೋಡಬೇಕು. ಕಣ್ಣಿನಿಂದ ಶುರು ಮಾಡಿ. ರೆಪ್ಪೆ ಊದಿಕೊಂಡು ಮುಚ್ಚಿದೆಯಾ? ಸ್ಲೈಡರ್ ಮುಖ್ಯವಾಗಿ ನೋಡಿಯೇ ತಿನ್ನುವ ಪ್ರಾಣಿ, ಕಾಣದಿದ್ದರೆ ಎದುರಿಗೇ ಊಟ ಇದ್ದರೂ ಬಾಯಿ ಹಾಕುವುದಿಲ್ಲ. ರೆಪ್ಪೆ ಊದಲು ಕೊಳಕು ನೀರು ಒಂದು ಕಾರಣ, ವಿಟಮಿನ್ ಎ ಕೊರತೆ ಇನ್ನೊಂದು. ವರ್ಷಗಟ್ಟಲೆ ಬರೀ ಒಣ ಸಿಗಡಿ ತಿಂದು ಬೆಳೆದ ಆಮೆಗಳಲ್ಲಿ ಇದು ಮಾಮೂಲು. ಡಬ್ಬದ ಮೇಲೆ ಆಮೆಯ ಚಿತ್ರ ಇದೆ ಅಂದ ಮಾತ್ರಕ್ಕೆ ಆ ಸಿಗಡಿ ಪೂರ್ತಿ ಊಟ ಅಲ್ಲ. ಅದು ನಮಗೆ ಕುರುಕಲು ಇದ್ದ ಹಾಗೆ. ಹಾಗಂತ ಮೆಡಿಕಲ್ ಶಾಪಿನಿಂದ ವಿಟಮಿನ್ ಎ ತಂದು ನೀವೇ ಹಾಕಲು ಹೋಗಬೇಡಿ, ಜಾಸ್ತಿಯಾದರೆ ಚರ್ಮವೇ ಸುಲಿದು ಬರುತ್ತದೆ. ಅಳತೆ ಡಾಕ್ಟರು ಹೇಳಬೇಕು.

ಆಮೇಲೆ ಮೂಗು. ಗುಳ್ಳೆ ಬರುತ್ತಿದ್ದರೆ, ಬಾಯಿ ತೆರೆದು ಉಸಿರಾಡುತ್ತಿದ್ದರೆ, ಈಜುವಾಗ ಒಂದು ಪಕ್ಕಕ್ಕೆ ವಾಲುತ್ತಿದ್ದರೆ ಅದು ಶ್ವಾಸಕೋಶದ ಸೋಂಕು ಇರಬಹುದು. ಒಂದು ಶ್ವಾಸಕೋಶದಲ್ಲಿ ಕಫ ತುಂಬಿದರೆ ಆ ಕಡೆ ಭಾರವಾಗಿ ದೋಣಿ ವಾಲಿದ ಹಾಗೆ ವಾಲುತ್ತದೆ. ಇದಕ್ಕೆ ಕಾಯುವ ಹಾಗಿಲ್ಲ, ಅವತ್ತೇ ಹೊರಡಿ. ಬಾಯಿಯೊಳಗೆ ಗಿಣ್ಣಿನ ತುಣುಕಿನಂಥ ಹಳದಿ ಪದರ ಕಂಡರೂ ಅಷ್ಟೇ.

ತೊಟ್ಟಿಯ ತಳದಲ್ಲಿ ಬಣ್ಣಬಣ್ಣದ ಸಣ್ಣ ಕಲ್ಲು ಹಾಕಿದ್ದೀರಾ? ಆಮೆಗಳು ಅದನ್ನು ನುಂಗುತ್ತವೆ. ಕರುಳಿನಲ್ಲಿ ಸಿಕ್ಕಿಕೊಂಡರೆ ಮಲ ನಿಲ್ಲುತ್ತದೆ, ಊಟವೂ ನಿಲ್ಲುತ್ತದೆ, ಎಕ್ಸ್‌ರೇಯಲ್ಲಿ ಮುತ್ತಿನ ಸರದ ಹಾಗೆ ಕಾಣುತ್ತದೆ. ಆಮೆಯ ತಲೆಗಿಂತ ದೊಡ್ಡ ಕಲ್ಲು ಮಾತ್ರ ಇರಲಿ, ಇಲ್ಲವಾದರೆ ಬರಿಯ ತಳವೇ ವಾಸಿ, ತೊಳೆಯುವುದೂ ಸುಲಭ.

ಇನ್ನು ಗುಂಡ ಹೆಣ್ಣು ಅಂತ ಗೊತ್ತಾದ ಕಥೆ. ಆರನೇ ವರ್ಷ ಮತ್ತೆ ಊಟ ಬಿಟ್ಟಿತು. ಈ ಸಲ ಮಾರ್ಚ್ ತಿಂಗಳು, ನೀರು 27 ಡಿಗ್ರಿ, ನನಗೆ ಥರ್ಮಾಮೀಟರ್ ಮೇಲೆ ಇದ್ದ ಭಕ್ತಿಗೆ ಪೆಟ್ಟು ಬಿತ್ತು. ಆದರೆ ಆಮೆ ಮಂಕಾಗಿರಲಿಲ್ಲ. ಕೂತಲ್ಲಿ ಕೂರುತ್ತಿರಲಿಲ್ಲ, ಹಗಲು ರಾತ್ರಿ ತೊಟ್ಟಿಯ ಗೋಡೆ ಕೆರೆಯುತ್ತಿತ್ತು, ಕಲ್ಲಿನ ಮೇಲೆ ಹತ್ತಿ ಹಿಂಗಾಲಿನಿಂದ ಅಗೆಯುವ ಹಾಗೆ ಮಾಡುತ್ತಿತ್ತು. ಎಕ್ಸ್‌ರೇ ತೆಗೆಸಿದರೆ ಹೊಟ್ಟೆಯಲ್ಲಿ ಏಳು ಮೊಟ್ಟೆ. ಗಂಡು ಜೊತೆಗಿಲ್ಲದಿದ್ದರೂ ಹೆಣ್ಣು ಸ್ಲೈಡರ್ ಮೊಟ್ಟೆ ಇಡುತ್ತದೆ, ಕೋಳಿಯ ಹಾಗೆ. ಹೊಟ್ಟೆಯೊಳಗೆ ಮೊಟ್ಟೆಗೇ ಜಾಗ ಸಾಲದಿರುವಾಗ ಊಟಕ್ಕೆ ಎಲ್ಲಿ ಜಾಗ? ಅದಕ್ಕೆ ಬೇಕಿದ್ದದ್ದು ಅಗೆಯಲು ಮಣ್ಣು. ಹಳೇ ಬಟ್ಟೆ ತೊಳೆಯುವ ಟಬ್ಬಿಗೆ ಒಂದು ಅಡಿ ಒದ್ದೆ ಮಣ್ಣು ಮರಳು ತುಂಬಿಸಿ, ಮೇಲೆ ಬಟ್ಟೆ ಮುಚ್ಚಿ, ಯಾರೂ ಇಣುಕದ ಹಾಗೆ ಸ್ಟೋರ್ ರೂಮಿನಲ್ಲಿ ಬಿಟ್ಟೆವು. ಎರಡನೇ ರಾತ್ರಿ ಇಟ್ಟಿತು. ಇಡದೆ ಒಳಗೇ ಉಳಿದಿದ್ದರೆ ಡಾಕ್ಟರು ಕ್ಯಾಲ್ಸಿಯಂ ಮತ್ತು ಮೊಟ್ಟೆ ಹೊರಗೆ ತಳ್ಳಿಸುವ ಆಕ್ಸಿಟೋಸಿನ್ ಇಂಜೆಕ್ಷನ್ ಕೊಡಬೇಕಾಗುತ್ತಿತ್ತು, ಅದಕ್ಕೂ ಬಗ್ಗದಿದ್ದರೆ ಆಪರೇಷನ್. ನಿಮ್ಮದು ಗಂಡೋ ಹೆಣ್ಣೋ ಅಂತ ನೋಡಬೇಕಾದರೆ ಮುಂಗಾಲಿನ ಉಗುರು ನೋಡಿ. ಬೆಳೆದ ಗಂಡಿಗೆ ಉಗುರು ವಿಪರೀತ ಉದ್ದ, ಬಾಲವೂ ಉದ್ದ ಮತ್ತು ದಪ್ಪ.

ಕಾಯಿಲೆ ಅಲ್ಲದ ಕಾರಣಗಳೂ ಇವೆ. ಹೊಸದಾಗಿ ತಂದ ಆಮೆ ಒಂದು ವಾರ ಹೆದರಿಕೊಂಡು ತಿನ್ನದೇ ಇರಬಹುದು. ಮನೆ ಬದಲಿಸಿದರೆ, ತೊಟ್ಟಿ ಬದಲಿಸಿದರೆ, ದೊಡ್ಡ ಆಮೆಯೊಂದು ಚಿಕ್ಕದನ್ನು ಸದಾ ಕಚ್ಚುತ್ತಿದ್ದರೆ, ಮಕ್ಕಳು ಗಂಟೆಗೊಮ್ಮೆ ಎತ್ತಿ ಆಡಿಸುತ್ತಿದ್ದರೆ ಹಾಗೇ. ಇನ್ನು ಎಷ್ಟೋ ಸಲ ಆಮೆಗೆ ಹಸಿವೇ ಇರುವುದಿಲ್ಲ, ಯಾಕಂದರೆ ಬೆಳಿಗ್ಗೆ ಅಪ್ಪ ಹಾಕಿರುತ್ತಾರೆ, ಮಧ್ಯಾಹ್ನ ಅಜ್ಜಿ ಹಾಕಿರುತ್ತಾರೆ, ಸಂಜೆ ಮಗು ಹಾಕಿದಾಗ "ಅಯ್ಯೋ ತಿಂತಿಲ್ಲ" ಅನ್ನುವ ಗಾಬರಿ. ಮರಿಗೆ ದಿನಕ್ಕೊಮ್ಮೆ ಸಾಕು. ಬೆಳೆದ ಆಮೆಗೆ ಕಾಳು ದಿನ ಬಿಟ್ಟು ದಿನ, ಅದೂ ಅದರ ತಲೆಯೊಳಗೆ ಹಿಡಿಸುವಷ್ಟು ಅನ್ನುವ ಅಂದಾಜು. ಸೊಪ್ಪು ಮಾತ್ರ ದಿನವೂ ಇರಲಿ. ವಯಸ್ಸಾದ ಹಾಗೆ ಸ್ಲೈಡರ್ ಮಾಂಸ ಕಡಿಮೆ ಮಾಡಿ ಸೊಪ್ಪಿನ ಕಡೆ ತಿರುಗುತ್ತದೆ, ಇದೂ ಕೆಲವರಿಗೆ ಊಟ ಬಿಟ್ಟ ಹಾಗೆ ಕಾಣುತ್ತದೆ.

ಆಸೆ ಹುಟ್ಟಿಸುವ ಊಟ ಅಂದರೆ ಅಲುಗಾಡುವುದು ಮತ್ತು ಬಣ್ಣದ್ದು. ಎರೆಹುಳು, ದಾಸವಾಳದ ಕೆಂಪು ಹೂವು, ತುರಿದ ಕ್ಯಾರೆಟ್, ಸಿಹಿಗುಂಬಳದ ತೆಳು ಚೂರು. ಕಾಳನ್ನು ಎರೆಹುಳು ಹೊರಳಿದ ನೀರಿನಲ್ಲಿ ಐದು ನಿಮಿಷ ನೆನೆಸಿ ಹಾಕಿ, ವಾಸನೆಗೆ ಬರುತ್ತದೆ. ಪಾಲಕ್ ದಿನವೂ ಬೇಡ, ಅದರಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂಗೆ ಅಡ್ಡ ಬರುತ್ತದೆ. ಅನ್ನ, ಬ್ರೆಡ್, ಬಿಸ್ಕತ್ತು, ಹಾಲು ಯಾವತ್ತೂ ಬೇಡ. ಕ್ಯಾಲ್ಸಿಯಂಗೆ ಪಕ್ಷಿ ಪಂಜರಕ್ಕೆ ಕಟ್ಟುವ ಬಿಳಿ ಕಟಲ್‌ಬೋನ್ ತುಂಡನ್ನು ನೀರಿಗೆ ಹಾಕಿಬಿಡಿ, ಬೇಕಾದಾಗ ಕಚ್ಚಿಕೊಳ್ಳುತ್ತದೆ. ಊಟವನ್ನು ಬೇರೆ ಟಬ್ಬಿನಲ್ಲಿ ಕೊಟ್ಟರೆ ತೊಟ್ಟಿಯ ನೀರು ಬೇಗ ಕೆಡುವುದಿಲ್ಲ.

ನೆಲದ ಮೇಲೆ ಬದುಕುವ ಆಮೆಗೆ ಉಪಾಯ ಸ್ವಲ್ಪ ಬೇರೆ. ಅಮೆರಿಕದಲ್ಲಿರುವ ನನ್ನ ತಂಗಿ ರಷ್ಯನ್ ಟಾರ್ಟಾಯ್ಸ್ ಸಾಕಿದ್ದಾಳೆ, ಅಲ್ಲಿ ಅದು ಕಾನೂನಿನ ಪ್ರಕಾರವೇ ಸಿಗುತ್ತದೆ. ಅಂಥ ಆಮೆ ಊಟ ಬಿಟ್ಟರೆ ಅರ್ಧ ಕಾರಣ ನೀರು ಕಡಿಮೆಯಾಗಿರುವುದು. ಉಗುರು ಬೆಚ್ಚಗಿನ ನೀರನ್ನು ಅಗಲ ಪಾತ್ರೆಯಲ್ಲಿ ಅದರ ಗದ್ದಕ್ಕಿಂತ ಕೆಳಗೆ ಬರುವಷ್ಟು ಹಾಕಿ, ದಿನಾ 15-20 ನಿಮಿಷ ಕೂರಿಸಬೇಕು. ತಲೆ ಬಗ್ಗಿಸಿ ಗಟಗಟ ಕುಡಿಯುತ್ತದೆ, ಅದೇ ನೀರಿನಲ್ಲಿ ಮಲ ಮಾಡುತ್ತದೆ, ಬಿಳಿ ಸುಣ್ಣದಂಥ ಮೂತ್ರವೂ ಬರುತ್ತದೆ. ಹೊಟ್ಟೆ ಖಾಲಿಯಾದ ಮೇಲೆ ಹಸಿವು ತಾನಾಗೇ ಬರುತ್ತದೆ ಅಂತ ತಂಗಿ ಹೇಳುತ್ತಾಳೆ, ಅವಳ ಆಮೆಗೆ ಬಾಳೆಹಣ್ಣಿನ ವಾಸನೆಗಿಂತ ಈ ಸ್ನಾನವೇ ಜಾಸ್ತಿ ಕೆಲಸ ಮಾಡುತ್ತದಂತೆ. ಆ ಆಮೆಗಳಲ್ಲಿ ಚಳಿಗಾಲದ ನಿದ್ದೆಯೂ ನಿಜವೇ, ಆದರೆ ಕಾಯಿಲೆಯಿದ್ದ ಆಮೆಯನ್ನು ನಿದ್ದೆಗೆ ಬಿಡಬಾರದು, ಎದ್ದು ಒಂದು ವಾರವಾದರೂ ತಿನ್ನದಿದ್ದರೆ ಡಾಕ್ಟರಿಗೆ ತೋರಿಸಬೇಕು.

ಎಷ್ಟು ದಿನ ಕಾಯಬಹುದು ಅಂತ ಎಲ್ಲರೂ ಕೇಳುತ್ತಾರೆ. ದಿನ ಎಣಿಸುವುದಕ್ಕಿಂತ ತೂಕ ನೋಡುವುದು ವಾಸಿ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಂಥದ್ದೇ ಇನ್ನೊಂದು ತನ್ನಿ, ಅಡುಗೆಯದ್ದನ್ನೇ ಬಳಸಬೇಡಿ, ಆಮೆಯ ಮೈಮೇಲೆ ನಮ್ಮ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಇದೇ ಕಾರಣಕ್ಕೆ ಅಮೆರಿಕದಲ್ಲಿ 1975ರಲ್ಲೇ ನಾಲ್ಕು ಇಂಚಿಗಿಂತ ಚಿಕ್ಕ ಆಮೆ ಮಾರುವುದನ್ನು ನಿಷೇಧಿಸಿದರು, ಮಕ್ಕಳು ಬಾಯಿಗೆ ಹಾಕಿಕೊಳ್ಳುತ್ತಾರೆ ಅಂತ. ವಾರಕ್ಕೊಮ್ಮೆ ತೂಗಿ ಬರೆದಿಡಿ. 900 ಗ್ರಾಂ ಇದ್ದದ್ದು 810ಕ್ಕೆ ಇಳಿದರೆ, ಅಂದರೆ ಹತ್ತರಲ್ಲೊಂದು ಪಾಲು ಹೋದರೆ, ಇನ್ನು ಮನೆಯಲ್ಲಿ ಪ್ರಯೋಗ ಸಾಕು. ತೂಕ ನಿಂತಲ್ಲೇ ನಿಂತಿದ್ದು, ಆಮೆ ಚುರುಕಾಗಿದ್ದರೆ, ಬೆಳೆದದ್ದಾದರೆ ಎರಡು ವಾರ ನೋಡಬಹುದು. ಮರಿಯಾದರೆ ನಾಲ್ಕೈದು ದಿನಕ್ಕಿಂತ ಜಾಸ್ತಿ ಬೇಡ, ಅದರ ಮೈಯಲ್ಲಿ ಕೂಡಿಟ್ಟದ್ದು ಏನೂ ಇರುವುದಿಲ್ಲ.

ನಾಯಿ ಬೆಕ್ಕು ನೋಡುವ ಎಲ್ಲ ಡಾಕ್ಟರೂ ಆಮೆ ನೋಡುವುದಿಲ್ಲ. ಫೋನಿನಲ್ಲೇ ಕೇಳಿ ಹೋಗಿ. ಬೆಂಗಳೂರಿನವರು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಬಹುದು. ಒಯ್ಯುವಾಗ ನೀರಿನ ಬಕೆಟ್ ಬೇಡ, ಗಾಳಿ ಆಡುವ ಡಬ್ಬದಲ್ಲಿ ಒದ್ದೆ ಟವೆಲ್ ಹಾಕಿ ಕೂರಿಸಿ. ತೊಟ್ಟಿಯ ಫೋಟೋ, ನೀರಿನ ಡಿಗ್ರಿ, ತೂಕದ ಪಟ್ಟಿ, ಸಿಕ್ಕರೆ ಹೊಸ ಮಲ ಒಂದು ಡಬ್ಬಿಯಲ್ಲಿ, ಇಷ್ಟು ಜೊತೆಗಿರಲಿ. ಒಂದು ವಿಷಯ ನೆನಪಿಟ್ಟುಕೊಳ್ಳಿ: ಹುಳಕ್ಕೆ, ಉಣ್ಣೆಗೆ ಅಂತ ನಾಯಿಗೆ ಕೊಡುವ ಐವರ್ಮೆಕ್ಟಿನ್ ಆಮೆಗೆ ವಿಷ, ಕೊಟ್ಟರೆ ಪಾರ್ಶ್ವವಾಯು ಬಂದು ಸಾಯಬಹುದು. ಯಾರಾದರೂ ಆ ಹೆಸರು ಎತ್ತಿದರೆ ಆಮೆ ಎತ್ತಿಕೊಂಡು ಎದ್ದು ಬನ್ನಿ.

ಇನ್ನು, ಬೇಸತ್ತು "ಕೆರೆಗೆ ಬಿಟ್ಟರೆ ತಾನೇ ತಿನ್ನುತ್ತೆ" ಅನ್ನುವವರಿಗೆ. ತಿನ್ನುತ್ತದೆ, ನಮ್ಮ ಕೆರೆಯ ಮೀನುಮರಿ, ಕಪ್ಪೆಮರಿ, ಗಿಡ ಎಲ್ಲವನ್ನೂ ತಿನ್ನುತ್ತದೆ, ನಮ್ಮ ಆಮೆಗಳು ಬಿಸಿಲು ಕಾಯುವ ಕಲ್ಲನ್ನೂ ಕಸಿದುಕೊಳ್ಳುತ್ತದೆ. ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಈ ಸ್ಲೈಡರ್ ಹೆಸರಿದೆ. ಸಾಕಲು ಆಗದಿದ್ದರೆ ಸಾಕುವವರನ್ನು ಹುಡುಕಿ ಕೊಡಿ.

ಹಸಿವು ವಾಪಸ್ ಬಂದ ದಿನ ಖುಷಿಯಲ್ಲಿ ಮುಷ್ಟಿ ತುಂಬಾ ಹಾಕಬೇಡಿ. ಎರಡು ವಾರ ಖಾಲಿ ಇದ್ದ ಹೊಟ್ಟೆ ಅದು. ಮೊದಲ ದಿನ ಒಂದು ಎರೆಹುಳು, ನಾಲ್ಕು ಕಾಳು. ಮಲ ಸರಿಯಾಗಿ ಬಂತು ಅಂದರೆ ಮಾರನೇ ದಿನ ಸ್ವಲ್ಪ ಜಾಸ್ತಿ. ಹೀಟರ್ ಮಾತ್ರ ಫೆಬ್ರವರಿ ಮುಗಿಯುವವರೆಗೂ ತೆಗೆಯಬೇಡಿ. ರಾತ್ರಿ ಕರೆಂಟ್ ಹೋದರೆ ತೊಟ್ಟಿಯ ಸುತ್ತ ಹಳೇ ಕಂಬಳಿ ಸುತ್ತಿಡಿ, ನಮ್ಮನೆಯಲ್ಲಿ ಇಡ್ಲಿ ಹಿಟ್ಟಿನ ಪಾತ್ರೆಗೂ ಗುಂಡನ ತೊಟ್ಟಿಗೂ ಇರುವುದು ಒಂದೇ ಕಂಬಳಿ, ಯಾರಿಗೆ ಮೊದಲು ಅನ್ನುವುದನ್ನು ನಮ್ಮತ್ತೆ ತೀರ್ಮಾನ ಮಾಡುತ್ತಾರೆ.